ಹಾಲಿಲ್ಲದ ಮನೆಯ ಟೀಚರಮ್ಮ

ಮೊನ್ನೆ ಮಂಗಳವಾರ ಪೋರೂರಿನ ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳು ಹಾಲು ಕುಡಿದಳು.

ನಾಲ್ಕು ವರ್ಷದ ಮಗು ಹಾಲು ಕುಡಿದದ್ದನ್ನು ಇಷ್ಟು ದೊಡ್ಡದು ಮಾಡಿ ಹೇಳುವುದೇನು ಅಂತ ಯಾರಾದರೂ ಕೇಳಬಹುದು. ಕೇಳಲಿ. ಹೇಳದೆ ಇದ್ದರೆ ನನ್ನ ಎದೆ ಒಡೆದೇ ಹೋಗುತ್ತದೆ. ಡಾಕ್ಟರಮ್ಮ ಮೊದಲು ಒಂದೇ ಒಂದು ಹನಿಯನ್ನು ಅವಳ ತುಟಿಗೆ ಮುಟ್ಟಿಸಿದರು. ಕಾದೆವು. ಆಮೇಲೆ ಕಾಲು ಚಮಚ. ಮತ್ತೆ ಕಾದೆವು. ಪಕ್ಕದ ಮೇಜಿನ ಮೇಲೆ ಇಂಜೆಕ್ಷನ್ನು ತುಂಬಿಸಿ ಇಟ್ಟಿದ್ದರು. ನಾನು ಅದನ್ನೂ ನೋಡಲಾರೆ, ಮಗುವಿನ ತುಟಿಯಿಂದ ಕಣ್ಣೂ ಕೀಳಲಾರೆ. ತುಟಿ ದಪ್ಪಗಾಯಿತಾ, ಕೆನ್ನೆ ಕೆಂಪಾಯಿತಾ, ಕೆಮ್ಮಿದಳಾ ಅಂತ ಬೆಳಗಿನಿಂದ ಮಧ್ಯಾಹ್ನದವರೆಗೂ ನೋಡುತ್ತಾ ಕೂತಿದ್ದೆ. ಕೊನೆಗೆ ಒಂದು ಪೂರ್ತಿ ಲೋಟ ಕುಡಿದಳು. ಏನೂ ಆಗಲಿಲ್ಲ. ಮೇಲುತುಟಿಯ ಮೇಲೆ ಬಿಳಿ ಮೀಸೆ ಮಾಡಿಕೊಂಡು, "ಅಜ್ಜಿ, ಸಪ್ಪುನ್ನು ಇರುಕ್ಕು" ಅಂದಳು. ಸಪ್ಪೆಯಾಗಿದೆಯಂತೆ! ನಾಲ್ಕು ವರ್ಷ ನಮ್ಮ ಜೀವ ಹಿಂಡಿದ ಹಾಲು ಅವಳಿಗೆ ಸಪ್ಪೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಕಸ ಗುಡಿಸುವವಳಿಗೂ ಹೇಳಿದೆ, ಆಟೋದವನಿಗೂ ಹೇಳಿದೆ. ಮನೆಗೆ ಬಂದು ಇನ್ನೊಬ್ಬರಿಗೆ ಹೇಳಬೇಕು ಅಂತ ಮೂರನೇ ಮಹಡಿಯವರೆಗೆ ಹತ್ತಿಬಿಟ್ಟಿದ್ದೆ. ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿಗಳು. ಆಗ ನೆನಪಾಯಿತು. ಅವರು ಹೋಗಿ ಎಂಟು ತಿಂಗಳಾಯಿತು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಬಾಗಿಲಿಗೆ ಹೆಸರು ಹಾಕಿಸದವರು ಅವರು. ನಾನು ಕರೆಯುತ್ತಿದ್ದದ್ದು ಟೀಚರಮ್ಮ ಅಂತ.

ಗುರುತಾಗಿದ್ದು ಲಿಫ್ಟಿನಲ್ಲಿ. ನಾನು ಆಗಷ್ಟೇ ಮಂಡ್ಯದಿಂದ ಈ ತಮಿಳರ ಊರಿಗೆ, ಮಗಳ ಮನೆಗೆ ಬಂದಿದ್ದೆ. ಕೊಳೆತ ಹುರುಳಿಕಾಯಿ ಕೊಟ್ಟ ತರಕಾರಿಯವನನ್ನು ನಾನು ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದೆ. ಹಿಂದಿನಿಂದ ಒಂದು ತೆಳ್ಳನೆಯ ದನಿ: "ಕನ್ನಡದಾಗ ಬೈದ್ರ ಅವಂಗೇನ್ ತಿಳೀತೈತಿ? ತಮಿಳಿನ್ಯಾಗ ಬೈಯವಾ." ತಿರುಗಿ ನೋಡಿದರೆ ಕಡ್ಡಿಯಂಥ ಹೆಂಗಸು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಹುಟ್ಟಿ ಬೆಳೆದವರು, ಮನೆಮಾತು ಮರಾಠಿ, ಮದುವೆಯಾಗಿ ಇಲ್ಲಿಗೆ ಬಂದು ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿ ರಿಟೈರಾದವರು. ಗಂಡ ಇಲ್ಲ, ಮಕ್ಕಳಿಲ್ಲ. ಬೆಳಗಿನ ಅಡುಗೆಗೆ ಒಂದು ಕೈ ಬೇಕಾಗಿತ್ತು. ನನಗೂ ಹೊತ್ತು ಹೋಗಬೇಕಾಗಿತ್ತು.

ಮೊದಲ ದಿನ ಒಂದು ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಅಕ್ಕಿ ಸುರಿದು, ಆರಿಸು ಅಂದರು. ಆರಿಸಿದೆ. ಮತ್ತೊಮ್ಮೆ ಅಂದರು. ಮೂರನೇ ಸಲ ಹೇಳಿದಾಗ ನನಗೆ ರೇಗಿತು.

"ಅಂಗಡಿಯವನೇ ಕ್ಲೀನ್ ಮಾಡಿ ಕೊಟ್ಟಿದಾನೆ, ಟೀಚರಮ್ಮ."

"ಅವನ ಕಣ್ಣು ಅವಂಗ. ನನ್ನ ಬಾಯಿ ನನಗ. ನಮ್ಮ ದೊಡ್ಡ ಹಬ್ಬಕ್ಕ ಅಕ್ಕೀನ ಮೂರು ಸಲ ನೋಡ್ಬೇಕು, ನಡುವ ಒಂದು ಗೋಧಿಕಾಳೂ ಇರಬಾರ್ದು. ನೋಡೋದು ಬರತೈತೋ ಇಲ್ಲೋ ಅಂತ ಈಗ ತಿಳಕೋತೀನಿ."

ಯಾವ ಹಬ್ಬ ಅಂತ ಕೇಳುವ ಧೈರ್ಯ ಆಗಲಿಲ್ಲ. ಮನೆಯಲ್ಲಿ ದೇವರ ಪಟ ಇಲ್ಲ, ಶಿಲುಬೆಯೂ ಇಲ್ಲ. ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಗಾಜಿನ ಲೋಟದಲ್ಲಿ ಕೊಬ್ಬರಿ ಎಣ್ಣೆ ಹಾಕಿ ದೀಪ ಹಚ್ಚಿ ಮುಖದ ಮೇಲೆ ಎರಡೂ ಕೈ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಶನಿವಾರ ಕತ್ತಲಾಗುವವರೆಗೂ ಒಲೆ ಹಚ್ಚುವುದಿಲ್ಲ. ತಾವು ಯೆಹೂದಿಗಳು, ಕೊಂಕಣದ ಕಡಲ ಬದಿಯವರು ಅಂತ ಅವರೇ ಒಂದು ದಿನ ಹೇಳಿದರು. ನಾನು ನಾಲ್ಕನೇ ಕ್ಲಾಸು ಓದಿದವಳು, ಆ ಪದವನ್ನೇ ಕೇಳಿರಲಿಲ್ಲ. ಆದರೆ ಪಾತ್ರೆ ಮುಟ್ಟಬೇಡ, ಇದರ ಸೌಟು ಅದಕ್ಕೆ ಹಾಕಬೇಡ ಅನ್ನುವುದೆಲ್ಲ ನಮ್ಮ ಅತ್ತೆಯ ಮಡಿಯಲ್ಲಿ ಕಂಡಿದ್ದೇ. ಸುಲಭವಾಗಿ ಒಗ್ಗಿಹೋಯಿತು.

ಒಗ್ಗದೇ ಇದ್ದದ್ದು ಒಂದೇ. ಆ ಮನೆಯಲ್ಲಿ ಹಾಲಿಲ್ಲ. ಮೊಸರಿಲ್ಲ, ತುಪ್ಪವಿಲ್ಲ, ಮೊಟ್ಟೆಯಿಲ್ಲ, ಜೇನುತುಪ್ಪವೂ ಇಲ್ಲ.

"ನಿಮ್ಮ ಜನ ಯಾರೂ ಹಾಲು ಕುಡಿಯಲ್ವಾ?" ಅಂದೆ.

"ಎಲ್ಲಾರೂ ಕುಡೀತಾರ. ಮಾಂಸಾನೂ ತಿಂತಾರ. ಎರಡನ್ನ ಕೂಡಿಸಂಗಿಲ್ಲ ಅಷ್ಟ. ನಮ್ಮವ್ವ ಎರಡು ಕಪಾಟ ಇಟ್ಟಿದ್ಲು, ಹಾಲಿನ ಪಾತ್ರೀಗೆ ಒಂದು, ಮಾಂಸದ ಪಾತ್ರೀಗೆ ಒಂದು. ಮಾಂಸ ಉಂಡ ದಿನ ಪಾಯಸಕ್ಕ ತೆಂಗಿನಹಾಲು. ನಾನೂ ಹಂಗ ನಡಸಿದೆ."

"ಮತ್ತೆ ಈಗ?"

ಅವರು ಉತ್ತರ ಕೊಡುವ ಮುಂಚೆ ಕನ್ನಡಕ ಒರೆಸಿಕೊಂಡರು. ಕೆರೆಯ ಹಿಂದಿನ ಬೀದಿಯಲ್ಲಿ ಹಾಲಿನವನೊಬ್ಬ ಇದ್ದನಂತೆ. ಅವನ ಹಸುವಿನ ಕರು ಸತ್ತಿತ್ತು. ಅದರ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ನಾಲ್ಕು ಕೋಲು ಚುಚ್ಚಿ ಹಸುವಿನ ಮುಂದೆ ನಿಲ್ಲಿಸಿದ್ದ. ಹಸು ಅದನ್ನು ನೆಕ್ಕುತ್ತಾ ನಿಂತಿತ್ತು, ಇವನು ಹಿಂದೆ ಕೂತು ಕರೆಯುತ್ತಿದ್ದ.

"ಮರೀನ್ನ ಅದರ ತಾಯಿ ಹಾಲಿನ್ಯಾಗ ಬೇಯಸಬಾರ್ದು ಅಂತ ನಮ್ಮ ಕಟ್ಟಳಿ. ಅದಕ್ಕ ಅಂತ ಐವತ್ತು ವರ್ಷ ಎರಡು ಕಪಾಟ ಇಟಗೊಂಡಿದ್ದೆ. ಆ ಆಕಳ ನಾಲಿಗಿ ನೋಡಿದೆ ನೋಡು... ಮನಿಗೆ ಬಂದು ಒಂದು ಕಪಾಟ ಖಾಲಿ ಮಾಡಿದೆ. ಮರುದಿನ ಇನ್ನೊಂದು."

ಅವತ್ತು ಮನೆಗೆ ಬಂದು ಕಾಫಿ ಬೆರೆಸುವಾಗ ನನ್ನ ಕೈ ನಿಂತಿತು. ಸುಳ್ಳು ಯಾಕೆ ಹೇಳಲಿ, ಆಮೇಲೆ ಕುಡಿದೆ.

ಹಬ್ಬಗಳನ್ನು ಮಾತ್ರ ಅವರು ಒಂದನ್ನೂ ಬಿಡಲಿಲ್ಲ. ಶುಕ್ರವಾರದ ಬ್ರೆಡ್ಡಿಗೆ ಹಿಟ್ಟು ನಾದಿ, ಮೂರು ಎಳೆ ಮಾಡಿ, ಜಡೆ ಹೆಣೆಯಬೇಕು. ಅದನ್ನು ನನಗೆ ಕಲಿಸಬೇಕಾಗಲಿಲ್ಲ. ಮೇಲೆ ಬಳಿಯಲು ಮೊಟ್ಟೆಯ ಬದಲು ತೆಂಗಿನಹಾಲಿಗೆ ಒಂದಿಷ್ಟು ಬೆಲ್ಲ. ಚಿಟಿಕೆ ಹಿಟ್ಟು ಕಿತ್ತು ಬೆಂಕಿಗೆ ಹಾಕಿ ಏನೋ ಹೇಳಿಕೊಳ್ಳುತ್ತಿದ್ದರು. ಹೊಸ ವರ್ಷಕ್ಕೆ ಸೇಬಿನ ಹೋಳನ್ನು ಜೇನಿನಲ್ಲಿ ಅದ್ದುವ ಕಡೆ ಖರ್ಜೂರದ ಪಾಕ. ಅದೇ ಹಬ್ಬಕ್ಕೆ ಗೋಧಿ ನೆನೆಸಿ, ರುಬ್ಬಿ, ಹಿಂಡಿ, ತೆಂಗಿನಹಾಲಿನಲ್ಲಿ ಮಗುಚಿ ಮಗುಚಿ ಮಾಡುವ ಹಲ್ವಾ. ನೋಡಿ ನಾನು, "ಅಯ್ಯೋ, ಇದು ನಮ್ಮ ಹಾಲುಬಾಯಿ ಅಲ್ವಾ!" ಅಂದಿದ್ದೆ.

ಆ ಅಕ್ಕಿ ಆರಿಸುವ ದೊಡ್ಡ ಹಬ್ಬದ ತಟ್ಟೆಯಲ್ಲಿ ಒಂದು ಎಲುಬು, ಒಂದು ಮೊಟ್ಟೆ ಇಡಬೇಕಂತೆ. ಇವರು ಎಲುಬಿನ ಜಾಗದಲ್ಲಿ ಸುಟ್ಟ ಬೀಟ್‌ರೂಟು ಇಟ್ಟರು. ಮೊಟ್ಟೆಯ ಜಾಗದಲ್ಲಿ ಮಾವಿನ ಓಟೆ. "ಜೀವ ಮತ್ತ ಹುಟ್ಟತೈತಿ ಅಂತ ಇಡೋದು. ಓಟಿಯೊಳಗ ಹುಟ್ಟಂಗಿಲ್ಲೇನು?" ಅಂದರು. ಮುಂಬೈಯಿಂದ ಅಣ್ಣನ ಮಗ ಫೋನಿನಲ್ಲಿ ಅದನ್ನು ನೋಡಿ, ದೇವರು ನಗುತ್ತಾನೆ ಅತ್ತೆ ಅಂದನಂತೆ. "ನಗಲಿ ಬಿಡು, ಪಾಪ. ಅವಂಗ ನಗಸೋರು ಯಾರದಾರ?"

ಇನ್ನು ನನ್ನ ತಪ್ಪಿನ ವಿಷಯ. ಅವರ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು ಅಂತ ಮಲೀದಾ ಮಾಡಿಸಿದರು. ಒಳ್ಳೆಯದಾದಾಗ ಅವರ ಒಬ್ಬ ಪ್ರವಾದಿಯ ಹೆಸರಿನಲ್ಲಿ ಮಾಡುವ ಸಿಹಿ ಅದು. ಅವಲಕ್ಕಿ ನೆನೆಸಿ, ಬೆಲ್ಲ, ತೆಂಗಿನತುರಿ, ಏಲಕ್ಕಿ, ದ್ರಾಕ್ಷಿ ಸೇರಿಸಿ, ಸುತ್ತ ಐದು ಥರದ ಹಣ್ಣು ಇಡುವುದು. ನಮ್ಮ ಕೃಷ್ಣಾಷ್ಟಮಿಯ ಸಿಹಿ ಅವಲಕ್ಕಿಯ ತಂಗಿ ಅನ್ನಿ. ನಮ್ಮ ಮನೆಯಲ್ಲಿ ಬಡಿಸಿದ ಅನ್ನಕ್ಕೆ ಒಂದು ತೊಟ್ಟು ತುಪ್ಪ ಬೀಳದೆ ಯಾರೂ ಕೈ ಹಾಕುವುದಿಲ್ಲ. ಅನ್ನಶುದ್ಧಿ ಅಂತೀವಿ. ದೇವರಿಗೆ ಇಡುವುದನ್ನು ಹಾಗೇ ಒಣಒಣ ಇಡುವುದು ನನಗೆ ತಡೆಯಲಾಗಲಿಲ್ಲ. ಮನೆಯಿಂದ ಸಣ್ಣ ಡಬ್ಬಿಯ ಮುಚ್ಚಳದಲ್ಲಿ ತಂದು, ಅವರು ಅತ್ತ ತಿರುಗಿದಾಗ ಒಂದು ತೊಟ್ಟು ಹಾಕಿದೆ.

ಟೀಚರಮ್ಮ ಏನು ತಿನ್ನುವುದಿದ್ದರೂ ಮೊದಲು ಕಣ್ಣು ಮುಚ್ಚಿ ಮೂಸುತ್ತಿದ್ದರು, ದೂರದ ಪದ ಕೇಳುವವರ ಹಾಗೆ. ಅವತ್ತು ಮೂಸಿದರು. ಕಣ್ಣು ತೆರೆದು ನನ್ನನ್ನು ನೋಡಿದರು.

ಬಯ್ಯಲಿಲ್ಲ. ಪಾತ್ರೆಯನ್ನು ಹಾಗೇ ಕೆಳಗಿನ ವಾಚ್‌ಮನ್ನಿನ ಮನೆಗೆ, ಏನು ಹಾಕಿದೆ ಅಂತ ಹೇಳಿ ಕೊಟ್ಟು ಬಾ ಅಂದರು. ಬಂದ ಮೇಲೆ ಎದುರಿಗೆ ಕೂರಿಸಿಕೊಂಡರು.

"ಪ್ರೀತೀಲೆ ಹಾಕಿದಿ, ಗೊತ್ತೈತಿ. ಖರೆ, ನನ್ನ ಕೇಳಿದ್ಯಾ?"

"ಇಲ್ಲ."

"ಇನ್ನೊಬ್ರ ಬಾಯಾಗ ಹೋಗೋದು. ಕೇಳಿ ಹಾಕ್ಬೇಕು. ಹಾಕಿದ್ದನ್ನ ಹೇಳ್ಬೇಕು. ನಾಳಿಂದ ಪಾತ್ರೀಗೆ ಏನು ಹಾಕ್ತೀಯೋ, ಬಾಯಿ ಬಿಟ್ಟು ಹೇಳಿ ಹಾಕು."

ಅವತ್ತಿನಿಂದ ಆ ಅಡುಗೆಮನೆಯಲ್ಲಿ ನನ್ನದು ಒಂದೇ ಪಾಠ. ಅಕ್ಕಿ. ನೀರು. ಉಪ್ಪು. ಎಣ್ಣೆ. ಸಾಸಿವೆ. ಒಳಕೋಣೆಯಿಂದ ಅವರು ಹ್ಞೂಂ, ಹ್ಞೂಂ ಅನ್ನುವುದು. ಮೊದಮೊದಲು ನಾಚಿಕೆ, ಆಮೇಲೆ ಅಭ್ಯಾಸ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ಜ್ವರದ ಕಾಲದಲ್ಲಿ ಅವರಿಗೂ ಜ್ವರ ಬಂದು ಹೋಯಿತು. ಎದ್ದ ಮೇಲೆ ಒಂದು ದಿನ ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು.

"ವಾಸನಿ ಹೋಗೈತಿ," ಅಂದರು. "ರುಚೀನೂ ಅಷ್ಟಕ್ಕಷ್ಟ. ಯಾರಿಗೂ ಹೇಳಬ್ಯಾಡ. ಇನ್ನ ನೀ ಏನ್ ಹಾಕಿದ್ರೂ ನನಗ ತಿಳಿಯಂಗಿಲ್ಲ."

ಆ ಮಾತು ಕೇಳಿ ನನಗೆ ಆದ ಭಯ ಹೇಳಲಾರೆ. ಅಲ್ಲಿಯವರೆಗೆ ಅವರ ಮೂಗು ಕಾವಲಿತ್ತು. ಇನ್ನು ನನ್ನ ಬಾಯಿ ಹೇಳುವುದೇ ಅವರಿಗೆ ಸತ್ಯ. ನಮ್ಮ ಮನೆಯಲ್ಲಿ ಮೊಸರು ಕಲಸಿದ ಕೈಯನ್ನು ಮೂರು ಸಲ ತೊಳೆದು ಮೇಲೆ ಹೋಗುತ್ತಿದ್ದೆ.

ಅದೇ ವರ್ಷ ಮಗಳು ಸುಮಾಗೆ ಹೆಣ್ಣು ಮಗು ಆಯಿತು. ನಮ್ಮ ಪುಟ್ಟಿ! ಆ ಖುಷಿಯಲ್ಲಿ ನಾನು ನೆಲದ ಮೇಲೆ ಇರಲಿಲ್ಲ. ಸುಮಾ ಕೆಲಸಕ್ಕೆ ಹೊರಟಾಗ ಡಬ್ಬಿಹಾಲು ಕೊಟ್ಟು ನೋಡಿದರು. ಮೈಯೆಲ್ಲ ದದ್ದು, ವಾಂತಿ. ಡಾಕ್ಟರಮ್ಮ ಖಡಾಖಂಡಿತ ಹೇಳಿದರು: ತಾಯಿಯ ಹಾಲು ಬಿಟ್ಟು ಬೇರೆ ಹಾಲು, ಹಾಲಿನಿಂದ ಆದದ್ದು, ಒಂದೂ ಬೇಡ.

ಆರು ತಿಂಗಳಿಗೆ ಅನ್ನಪ್ರಾಶನ. ಪಾಯಸ ನಾನೇ ಮಾಡಿದೆ, ತೆಂಗಿನಹಾಲಿನಲ್ಲಿ. ಮೇಲಿನ ಮನೆಯಲ್ಲಿ ಮಾಡಿ ಮಾಡಿ ಕೈ ಪಳಗಿತ್ತು. ಎಲ್ಲಾ ಸರಿಯಾಗಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಬೆಳ್ಳಿ ಬಟ್ಟಲಲ್ಲಿ ಮೆತ್ತಗೆ ಬೇಯಿಸಿದ ಅನ್ನ. ಪಕ್ಕದಲ್ಲಿ ದೊಡ್ಡವರ ಎಲೆಗೆ ಅಂತ ತುಪ್ಪದ ಗಿಂಡಿ ಇತ್ತು. ನನ್ನ ಕೈ ನನ್ನನ್ನು ಕೇಳಲಿಲ್ಲ. ನಲವತ್ತು ವರ್ಷದ ಅಭ್ಯಾಸದ ಕೈ. ಒಂದು ತೊಟ್ಟು ಬಿತ್ತು.

ಮಗು ನೆಕ್ಕಿತು, ನಕ್ಕಿತು. ಆಮೇಲೆ ಬಾಯಿಯ ಸುತ್ತ ಕೆಂಪು ಎದ್ದಿತು. ತುಟಿ ಊದಿತು. ಕಣ್ಣು ಮುಚ್ಚಿಹೋಯಿತು. ಅಳುತ್ತಿದ್ದದ್ದು ಕೆಮ್ಮಾಯಿತು. ಕೆಮ್ಮುತ್ತಿದ್ದದ್ದು ನಿಂತುಹೋಯಿತು. ಅಳು ನಿಂತದ್ದೇ ಎಲ್ಲಕ್ಕಿಂತ ಭಯ. ಆಟೋದಲ್ಲಿ ಪೋರೂರಿನ ಆ ಟ್ರಾಫಿಕ್ಕಿನಲ್ಲಿ ಸುಮಾ, "ಅಣ್ಣಾ, ಕೊಂಜಂ ಸೀಕ್ರಂ, ಅಣ್ಣಾ" ಅಂತ ಬೇಗ ಹೋಗಲು ಬೇಡುತ್ತಾ ಆಟೋದವನ ಬೆನ್ನು ತಟ್ಟುತ್ತಿದ್ದಳು. ನಾನು ಮಗುವಿನ ಎದೆಯ ಮೇಲೆ ಕೈ ಇಟ್ಟುಕೊಂಡು ಅದು ಏಳುತ್ತದಾ, ಇಳಿಯುತ್ತದಾ ಅಂತ ನೋಡುತ್ತಿದ್ದೆ.

ಇಂಜೆಕ್ಷನ್ ಕೊಟ್ಟರು. ಮಗು ಮತ್ತೆ ಅತ್ತಿತು. ಡಾಕ್ಟರಮ್ಮ ಕೇಳಿದರು, ಏನು ತಿನ್ನಿಸಿದಿರಿ?

"ಅನ್ನ, ತೆಂಗಿನಹಾಲಿನ ಪಾಯಸ. ಅಷ್ಟೇ ಡಾಕ್ಟರ್," ಅಂದಳು ಸುಮಾ.

"ಹಾಗಾದರೆ ತೆಂಗಿನಕಾಯಿ ಇರಬೇಕು," ಅಂತ ಅವರು ಬರೆಯಲು ಶುರು ಮಾಡಿದರು.

ಸುಮ್ಮನಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಯಾರೂ ನೋಡಿರಲಿಲ್ಲ. ಆದರೆ ಆ ಚೀಟಿಯಲ್ಲಿ ತಪ್ಪು ಬರೆದರೆ ನಾಳೆ ಇನ್ಯಾರೋ ಇನ್ನೊಂದು ತೊಟ್ಟು ಹಾಕುತ್ತಾರೆ. ಹಾಕಿದ್ದನ್ನ ಹೇಳ್ಬೇಕು ಅಂತ ಟೀಚರಮ್ಮನ ದನಿ ಕಿವಿಯಲ್ಲಿ.

"ತುಪ್ಪ," ಅಂದೆ. "ನಾನು ಹಾಕಿದೆ. ಒಂದು ತೊಟ್ಟು."

ಸುಮಾ ನನ್ನ ಕಡೆ ನೋಡಿದಳು. ಅಂಥ ನೋಟವನ್ನು ಹೆತ್ತ ಮಗಳ ಕಣ್ಣಲ್ಲಿ ಯಾರೂ ನೋಡಬಾರದು. ಮನೆಗೆ ಬಂದ ಮೇಲೆ ಕೂಗಾಡಲಿಲ್ಲ. ಸಣ್ಣಗೆ ಹೇಳಿದಳು: "ಇನ್ಮೇಲೆ ಅವಳಿಗೆ ನೀನು ಏನೂ ತಿನ್ಸಬೇಡಮ್ಮ. ನನಗೆ ಭಯ ಆಗತ್ತೆ." ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೇ ನನ್ನ ಕೈ ಕಂಡರೆ ಭಯ. ಒಂದು ತಿಂಗಳು ಮಗು ಉಣ್ಣುವಾಗ ನಾನು ದೂರದಲ್ಲಿ ಕೂತು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದೆ. ಅದು ಬಾಯಿ ತೆರೆದು ನನ್ನ ಕಡೆಗೇ ತಿರುಗುತ್ತಿತ್ತು.

ಟೀಚರಮ್ಮನ ಕೆಲಸವನ್ನೂ ಬಿಡುತ್ತೇನೆ ಅಂದೆ. ಅವರು ಎಲ್ಲ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿದು, ಸೀದಾ ನಮ್ಮ ಮನೆಯ ಪಡಸಾಲೆಗೆ ಬಂದು ಕೂತರು.

"ನೋಡವಾ ಸುಮಾ, ನನಗ ವಾಸನಿ ಹೋಗಿ ವರ್ಷ ಆತು. ನಿಮ್ಮವ್ವನ್ನ ಬಿಟ್ರ ಯಾರಿಗೂ ಹೇಳಿಲ್ಲ, ನಿನಗ ಹೇಳಾಕತ್ತೀನಿ."

ಸುಮಾಗೆ ಅರ್ಥವಾಗಲಿಲ್ಲ. "ಅಯ್ಯೋ, ಸಾರಿ ಆಂಟಿ..."

"ಸಾರಿ ಯಾಕ? ನಿಮ್ಮವ್ವ ನನ್ನ ಪಾತ್ರೀಗೆ ತುಪ್ಪ ಸುರದ್ರೂ ನನಗ ತಿಳಿಯಂಗಿಲ್ಲ. ವರ್ಷದಿಂದ ಆಕೀ ಕೈಲೆ ಉಣ್ಣಾಕತ್ತೀನಿ. ನನ್ನ ಮನ್ಯಾಗ ಹಾಲಿನ ಹನಿ ಇಲ್ಲ, ತತ್ತಿ ಇಲ್ಲ. ಮಗೀನ್ನ ಅಲ್ಲಿ ಉಣಸಲಿ. ನೀ ಬಾಗಿಲದಾಗ ನಿಲ್ಲು, ಇಂಜೆಕ್ಷನ್ ಕೈಯಾಗ ಹಿಡಕೊಂಡು ನಿಲ್ಲು, ನಾ ಏನೂ ಅನ್ನಂಗಿಲ್ಲ."

"ಆಂಟಿ, ಅಮ್ಮ ಮರ್ತು ಹಾಕ್ಬಿಟ್ರೆ?"

"ಬಾಯಿಬಿಟ್ಟು ಹೇಳೋ ಕೈ ಮರಿಯಂಗಿಲ್ಲ. ನಿಮ್ಮ ಮನ್ಯಾಗ ಆಕೀ ಹೇಳಲಾರದ ಹಾಕಿದ್ಲು. ತಪ್ಪಾಗಿದ್ದು ಅಲ್ಲೇ."

ಸುಮಾ ಒಂದು ವಾರ ಯೋಚನೆ ಮಾಡಿದಳು. ಆಮೇಲೆ ಒಂದು ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಮೇಲೆ ಬಂದು, ಡಾಕ್ಟರಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಕೊಟ್ಟಿದ್ದ ಇಂಜೆಕ್ಷನ್ನನ್ನು ನಿಜವಾಗಿಯೂ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಟೀಚರಮ್ಮ ಹೊಸ ಚಮಚವೊಂದರ ಹಿಡಿಗೆ ನೀಲಿ ದಾರ ಸುತ್ತಿ ಇಟ್ಟಿದ್ದರು. ಇದು ಮಗುವಿಗೆ, ಬೇರೆ ಯಾವುದಕ್ಕೂ ಮುಟ್ಟಬೇಡ ಅಂದರು. ನಾನು ಶುರು ಮಾಡಿದೆ. ಅಕ್ಕಿ. ನೀರು. ಉಪ್ಪು. ಹ್ಞೂಂ, ಅಂದರು ಅವರು. ಹೆಸರುಬೇಳೆ. ಹ್ಞೂಂ. ಮೊದಲ ತುತ್ತನ್ನು ಮಗುವಿನ ಬಾಯಿಗೆ ಇಟ್ಟೆ. ಗೋಡೆ ಗಡಿಯಾರದ ಸದ್ದು ಮಾತ್ರ. ಐದು ನಿಮಿಷ. ಹತ್ತು. ಮಗು ಬಟ್ಟಲನ್ನು ಬಡಿದು ಇನ್ನೂ ಬೇಕು ಅಂತ ಕಿರುಚಿತು. ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತರು.

ಹೀಗೆ ನಮ್ಮ ಪುಟ್ಟಿ ಯೆಹೂದಿ ಅಜ್ಜಿಯ ಅಡುಗೆಮನೆಯಲ್ಲಿ ಉಂಡು ಬೆಳೆದಳು. ಹೊರಗಡೆಯ ಪೊಟ್ಟಣಗಳ ಮೇಲೆ ಹಾಲಿನ ಗುರುತಿನ ಆರೇಳು ಇಂಗ್ಲಿಷ್ ಪದಗಳನ್ನು, ರಂಗೋಲಿ ನೆನಪಿಟ್ಟುಕೊಂಡ ಹಾಗೆ ಆಕಾರದಿಂದಲೇ ಗುರುತಿಸಲು ನನಗೆ ಕಲಿಸಿದರು. ಶುಕ್ರವಾರ ಜಡೆ ಬ್ರೆಡ್ಡಿನ ತುದಿ ಪುಟ್ಟಿಯದು. ದೀಪ ಹಚ್ಚಿ ಅವರು ಮುಖ ಮುಚ್ಚಿಕೊಂಡರೆ ಇವಳೂ ಮುಚ್ಚಿಕೊಂಡು, ಬೆರಳ ಸಂದಿಯಿಂದ ಬ್ರೆಡ್ಡನ್ನು ನೋಡುತ್ತಿದ್ದಳು.

ಕೊನೆಗೆ ಅವರು ಆಸ್ಪತ್ರೆ ಸೇರಿದಾಗ ಅಲ್ಲಿಯ ಊಟ ಮುಟ್ಟಲಿಲ್ಲ. ಮೊಸರಿನ ಚಮಚ ಸಾರಿಗೆ ಹಾಕಿರುತ್ತಾರೆ ಅನ್ನುವ ಭಯ. ನಾನು ಗಂಜಿ ಮಾಡಿ ಒಯ್ಯುತ್ತಿದ್ದೆ. ಕಣ್ಣು ತೆರೆಯಲಾಗದಿದ್ದರೂ ಬಾಯಿ ತೆರೆಯುವ ಮುಂಚೆ ಕಾಯುತ್ತಿದ್ದರು. ನಾನು ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದೆ, ಅಕ್ಕಿ, ನೀರು, ಉಪ್ಪು. ಆಮೇಲೆ ಬಾಯಿ ತೆರೆಯುತ್ತಿದ್ದರು. ಒಂದು ದಿನ ಹೇಳಿ ಮುಗಿಸಿದೆ, ತೆರೆಯಲಿಲ್ಲ. ಅಣ್ಣನ ಮಗ ಬಂದು ಎಲ್ಲ ಮಾಡಿದ. ಅಕ್ಕಿ ಆರಿಸುವ ಬಿಳಿ ಬಟ್ಟೆಯನ್ನು ನನಗೆ ಕೊಟ್ಟು ಹೋದ.

ಇವತ್ತು ಬೆಳಿಗ್ಗೆ ಮಲೀದಾ ಮಾಡಿದೆ. ಒಳ್ಳೆಯದಾದಾಗ ಮಾಡಬೇಕಲ್ಲ, ಇದಕ್ಕಿಂತ ಒಳ್ಳೆಯದು ಇನ್ನೇನಾಗಬೇಕು? ಬಿಳಿ ಬಟ್ಟೆಯ ಮೇಲೆ ಅವಲಕ್ಕಿ ಹರಡಿ ಮೂರು ಸಲ ನೋಡಿದೆ. ಪುಟ್ಟಿ ಮಣೆಯ ಮೇಲೆ ಕೂತಿದ್ದಳು.

"ಅವಲಕ್ಕಿ," ಅಂದೆ.

"ಹ್ಞೂಂ," ಅಂದಳು ದೊಡ್ಡವರ ಹಾಗೆ. ಟೀಚರಮ್ಮನ ಹ್ಞೂಂ ಅದು, ಅದೇ ರಾಗ.

"ಬೆಲ್ಲ. ತೆಂಗಿನತುರಿ. ಏಲಕ್ಕಿ."

"ಹ್ಞೂಂ. ಹ್ಞೂಂ. ದ್ರಾಕ್ಷಿ ಎಂಗೆ?" ದ್ರಾಕ್ಷಿ ಎಲ್ಲಿ ಅಂತ ಅವಳ ವಿಚಾರಣೆ.

ಸುಮಾ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಇಂಜೆಕ್ಷನ್ ಇರಲಿಲ್ಲ. ತುಪ್ಪದ ಡಬ್ಬಿ ಇತ್ತು. "ಇನ್ನೇನು ಭಯ ಅಮ್ಮ, ಹಾಲು ಈಗ ಒಗ್ಗತ್ತೆ ಅಂತ ಡಾಕ್ಟರೇ ಹೇಳಿದಾರಲ್ಲ. ನಿನ್ನ ಅನ್ನಶುದ್ಧಿ ಮಾಡು. ನಾಲ್ಕು ವರ್ಷದಿಂದ ಆಸೆ ಇಟ್ಕೊಂಡಿದೀಯ," ಅಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಕೊಟ್ಟಳು! ನನ್ನ ಮಗಳು ತನ್ನ ಕೈಯಾರೆ ಕೊಟ್ಟಳು. ನನ್ನ ಕಣ್ಣು ಮಂಜಾಯಿತು.

ಬೇರೆ ಚಮಚದಲ್ಲಿ ಒಂದು ತೊಟ್ಟು ತೆಗೆದೆ. ಪುಟ್ಟಿಯ ತಟ್ಟೆಯ ಮೇಲೆ ಹಿಡಿದೆ.

"ತುಪ್ಪ," ಅಂದೆ. "ಹಾಕಲಾ ಕಂದ?"

ಅವಳು ಬಗ್ಗಿ, ಕಣ್ಣು ಮುಚ್ಚಿ ಮೂಸಿದಳು. ಮೂಗು ಸಿಂಡರಿಸಿದಳು.

"ವೇಂಡಾಂ ಅಜ್ಜಿ."

ಬೇಡವಂತೆ. ನಾನು ಆ ತೊಟ್ಟನ್ನು ಡಬ್ಬಿಗೇ ಬಿಟ್ಟು ಮುಚ್ಚಳ ಹಾಕಿದೆ. ನೀಲಿ ದಾರದ ಚಮಚದಲ್ಲಿ ಮಲೀದಾ ತುಂಬಿ ಹಿಡಿದೆ. ಅವಳು ಬಾಯಿ ತೆರೆದಳು.